ಮೊದಲ ಗಾಡಿ: ಆಯ್ಕೆ, ಪೂಜೆ, ಕಲಿಕೆ

ಮೊದಲ ಮೋಟಾರ್‌ಸೈಕಲ್ಲಿಗೆ ದುಡ್ಡು ಕೊಡುವವರು ಒಬ್ಬರು, ಅದನ್ನು ಆರಿಸುವವರು ಹತ್ತಾರು ಮಂದಿ. ಜಯನಗರದಂಥ ಹಳೆಯ ಬಡಾವಣೆಯಲ್ಲಿ ಈ ಸಂಖ್ಯೆ ಇನ್ನೂ ಏರುತ್ತದೆ, ಏಕೆಂದರೆ ಅಲ್ಲಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲಲು ಪುರುಸೊತ್ತುಳ್ಳ ನಿವೃತ್ತರು ಬೀದಿಗೆ ನಾಲ್ವರಾದರೂ ಇರುತ್ತಾರೆ. ಸಲಹೆ ಕೊಡುವವರ ವಯಸ್ಸು ತಿಳಿದರೆ ಅವರು ಯಾವ ಗಾಡಿಯ ಹೆಸರು ಹೇಳುತ್ತಾರೆಂದು ಮೊದಲೇ ಚೀಟಿಯಲ್ಲಿ ಬರೆದಿಡಬಹುದು. ಅವರಿಗೆ ಇಪ್ಪತ್ತೆರಡು ತುಂಬಿದಾಗ ಎದುರುಮನೆಯವನ ಹತ್ತಿರ ಯಾವುದಿತ್ತೋ ಅದು.

ಎಪ್ಪತ್ತರ ಸಮೀಪದವರು ಜಾವಾ, ಯೆಜ್ಡಿ ಎನ್ನುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ತಯಾರಿಸಿತು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು, 1996ರಲ್ಲಿ ಬಾಗಿಲೂ ಮುಚ್ಚಿತು. ಭಕ್ತರು ಮಾತ್ರ ಉಳಿದಿದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಬೆಂಗಳೂರಿನಲ್ಲಿ ಒಟ್ಟುಗೂಡಿ, ಎಲ್ಲರೂ ಒಮ್ಮೆಗೇ ಸ್ಟಾರ್ಟ್ ಮಾಡಿ, ಆ ಹೊಗೆಯೊಳಗೆ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಈ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರು ಒಂದೇ ಕಡ್ಡಿ. ತಿರುಗಿಸಿ ಒದ್ದರೆ ಎಂಜಿನ್ ಏಳುತ್ತದೆ, ಮಡಚಿದರೆ ಅದೇ ಗೇರು ಬದಲಿಸುತ್ತದೆ. ಇದನ್ನು ವಿವರಿಸುವಾಗ ಸಲಹೆಗಾರರು ಪಂಚೆ ಎತ್ತಿ ಮೊಣಕಾಲಿನ ಕೆಳಗಿನ ಹಳೆಯ ಗಾಯದ ಗುರುತನ್ನು ತೋರಿಸುತ್ತಾರೆ, ಸಲಹೆ ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಐವತ್ತು ದಾಟಿದವರದು ಯಮಹಾ ಆರ್‌ಎಕ್ಸ್ 100. 98 ಸಿಸಿ, 11 ಅಶ್ವಶಕ್ತಿ, 1985ರಿಂದ 1996. ಅದೀಗ ಬರುವುದಿಲ್ಲವೆಂದರೆ, 'ಸಿಗುತ್ತೆ, ನಮ್ಮ ಹುಡುಗ ಒಬ್ಬ ಇದ್ದಾನೆ' ಎನ್ನುತ್ತಾರೆ. ಆ ಹುಡುಗನಿಗೂ ಐವತ್ತಾಗಿರುತ್ತದೆ. ಅದೇ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಿತು. ಅಲ್ಲಿಂದ ನಾಡಿನ ಸವಾರರು ಎರಡು ಪಂಗಡವಾದರು: ಸದ್ದು ಕೇಳುವವರು, ಮೈಲೇಜ್ ಕೇಳುವವರು. ಎರಡನೆಯವರೇ ಹೆಚ್ಚು. ಹೊಸ ಗಾಡಿಯ ಸೀಟಿನ ಪ್ಲಾಸ್ಟಿಕ್ ಬಿಚ್ಚುವ ಮೊದಲೇ ಲಿಫ್ಟಿನಲ್ಲಿ, ಹಾಲಿನ ಬೂತಿನಲ್ಲಿ, 'ಎಷ್ಟು ಕೊಡುತ್ತೆ?' ಎಂದು ಅಪರಿಚಿತರು ಕೇಳುತ್ತಾರೆ. ಯಾವುದಾದರೂ ಒಂದು ಅಂಕಿ ಹೇಳಿಬಿಡುವುದು ಒಳ್ಳೆಯದು. ಏನೇ ಹೇಳಿದರೂ ಅವರ ಗಾಡಿ ಅದಕ್ಕಿಂತ ಐದು ಹೆಚ್ಚು ಕೊಡುತ್ತದೆ. 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದ್ದರೂ ಬ್ರೇಕಿನ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ.

ಹೊಸಬರಿಗೆ ಮುಖ್ಯವಾದ ಅಳತೆ ಎಂದರೆ ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಎಟಕುತ್ತವೆಯೇ ಎನ್ನುವುದು. ಸ್ಪ್ಲೆಂಡರ್ ಪ್ಲಸ್‌ನ ಸೀಟು ನೆಲದಿಂದ 785 ಮಿಲಿಮೀಟರ್, ತೂಕ 112 ಕಿಲೋ. 2023ರ ಬುಲೆಟ್ 350ರ ಸೀಟು 805 ಮಿಲಿಮೀಟರ್, ತೂಕ 195 ಕಿಲೋ. ಈ ಎರಡು ಸಾಲುಗಳನ್ನು ಪಕ್ಕಪಕ್ಕ ಓದಿದ ಮೇಲೂ ಮನಸ್ಸು ಬುಲೆಟ್ಟಿನ ಕಡೆಗೇ ಹೋಗುತ್ತದೆ. ಸ್ಪ್ಲೆಂಡರ್ ವಾಲಿದರೆ ತೊಡೆ ಕೊಟ್ಟು ತಡೆಯಬಹುದು. ಬುಲೆಟ್ ವಾಲಲು ತೀರ್ಮಾನಿಸಿದರೆ ಅದನ್ನು ಗೌರವದಿಂದ ಮಲಗಿಸಿ, ಎಬ್ಬಿಸಲು ದಾರಿಹೋಕರನ್ನು ಕರೆಯುವುದೊಂದೇ ಉಳಿದಿರುವ ದಾರಿ. ಈ ಹಂತದಲ್ಲಿ ಮನೆಯವರು 'ಗೇರಿಲ್ಲದ ಸ್ಕೂಟರ್ ಸಾಕಲ್ವಾ?' ಎನ್ನುತ್ತಾರೆ. ಕೈನೆಟಿಕ್ ಹೋಂಡಾ ಕಾಲದಿಂದಲೂ ಅದು ಸರಿಯಾದ ಪ್ರಶ್ನೆ. ಬೆಂಗಳೂರಿನವೇ ಆದ ಕಂಪನಿಗಳು, ಏಥರ್ 2018ರಲ್ಲೂ, ಅಲ್ಟ್ರಾವಯಲೆಟ್ 2022ರಲ್ಲೂ, ಕ್ಲಚ್ಚೇ ಇಲ್ಲದ ವಿದ್ಯುತ್ ಗಾಡಿಗಳನ್ನು ಮಾರುಕಟ್ಟೆಗೆ ತಂದ ಮೇಲಂತೂ ಅದಕ್ಕೆ ಉತ್ತರವೇ ಇಲ್ಲ. ಆದ್ದರಿಂದ ಯಾರೂ ಉತ್ತರಿಸುವುದಿಲ್ಲ. ಕೊಳ್ಳುವವಳು ಹೆಣ್ಣಾದರೆ ಇನ್ನೊಂದು ಕಿರಿಕಿರಿ ಉಂಟು: ಶೋರೂಮಿನ ಹುಡುಗ ಗೇರಿನ ಕ್ರಮವನ್ನೆಲ್ಲ ಅವಳ ಜೊತೆ ಬಂದ ತಮ್ಮನಿಗೆ ವಿವರಿಸುತ್ತಾನೆ. ತಮ್ಮ ಒಂಬತ್ತನೇ ಕ್ಲಾಸು.

ಶೋರೂಮಿನಿಂದ ಗಾಡಿ ನೇರವಾಗಿ ಮನೆಗೆ ಬರುವುದಿಲ್ಲ. ಬನಶಂಕರಿ ಅಮ್ಮನ ಗುಡಿಗೋ, ರಾಗಿಗುಡ್ಡದ ಆಂಜನೇಯನಲ್ಲಿಗೋ, ಹಿರಿಯರ ಮಾತು ನಡೆಯುವ ಮನೆಯಾದರೆ ಮೈಸೂರು ರಸ್ತೆಯ ಗಾಳಿ ಆಂಜನೇಯನಲ್ಲಿಗೋ ಹೋಗುತ್ತದೆ. ಅಲ್ಲಿಯವರೆಗೆ ಓಡಿಸುವವನು ಭಾವಮೈದುನ. ಅರಿಶಿನ, ಕುಂಕುಮ, ಸೇವಂತಿಗೆ ಹಾರ, ಕರ್ಪೂರ ಎಲ್ಲ ಸುಸೂತ್ರವಾಗಿ ಮುಗಿಯುತ್ತವೆ. ಅನಂತರ ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು ಅರ್ಚಕರು, 'ಮಾಲೀಕರು ಯಾರು? ಬನ್ನಿ, ಮುಂದಕ್ಕೆ ತಗೊಳ್ಳಿ' ಎನ್ನುತ್ತಾರೆ. ಮೋಟಾರ್‌ಸೈಕಲ್ ಕಲಿಕೆಯ ಮೊದಲ ಪಾಠ ಹೀಗೆ, ಹೊಸ ಬಟ್ಟೆಯಲ್ಲಿ, ಬಂಧುಬಳಗದ ಎದುರು, ಯಾವ ಮುನ್ಸೂಚನೆಯೂ ಇಲ್ಲದೆ ಆರಂಭವಾಗುತ್ತದೆ.

ಇಲ್ಲಿ ತುಸು ಯಂತ್ರಶಾಸ್ತ್ರ ಬೇಕು. ಗಾಡಿ ನಿಂತಿದ್ದರೂ ಒಳಗೆ ಎಂಜಿನ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ, ಚಕ್ರದ ಸುತ್ತು ಸೊನ್ನೆ. ಇವೆರಡನ್ನೂ ಜಗಳವಿಲ್ಲದೆ ಕೂಡಿಸುವ ಕೆಲಸ ಕ್ಲಚ್ಚಿನದು. ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳು ಎಡಗೈ ಹಿಡಿ ಒತ್ತಿದಾಗ ಬೇರೆಯಾಗುತ್ತವೆ, ನಿಧಾನವಾಗಿ ಬಿಟ್ಟಾಗ ಒಂದನ್ನೊಂದು ಉಜ್ಜಿ, ಜಾರಿ, ಕೊನೆಗೆ ಒಂದೇ ವೇಗಕ್ಕೆ ಬರುತ್ತವೆ. ಹಿಡಿಯ ಚಲನೆಯಲ್ಲಿ ಈ ಕೂಡಿಕೆ ನಡೆಯುವ ಜಾಗ ಬಹಳ ಚಿಕ್ಕದು, ಅದು ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಬೆಂಗಳೂರು ಇದನ್ನು ಹಾಫ್ ಕ್ಲಚ್ ಎನ್ನುತ್ತದೆ. ಸಮತಟ್ಟು ನೆಲದಲ್ಲಿ ಇದು ತಪ್ಪಿದರೂ ಗಾಡಿ ಹೇಗೋ ಕದಲುತ್ತದೆ. ಮುಂದೆ ನಿಂಬೆಹಣ್ಣಿದ್ದರೆ ಕದಲುವುದಿಲ್ಲ. ಚಕ್ರ ಅದನ್ನು ಹತ್ತಬೇಕು ಇಲ್ಲವೇ ಒಡೆಯಬೇಕು. ತಾತ್ವಿಕವಾಗಿ ಇದು ದಿಬ್ಬದ ಮೇಲೆ ನಿಂತ ಗಾಡಿಯನ್ನು ಹೊರಡಿಸುವ ಸಮಸ್ಯೆ. ಹೇಳಿಕೊಡುವವರು ಅದನ್ನು ಕೊನೆಯ ಪಾಠಕ್ಕೆ ಮೀಸಲಿಡುತ್ತಾರೆ. ಸಂಪ್ರದಾಯ ಅದನ್ನು ಮೊದಲನೆಯದಾಗಿ ಇಟ್ಟಿದೆ.

ಕ್ಲಚ್ಚನ್ನು ಪಟ್ಟನೆ ಬಿಟ್ಟಾಗ ಗಾಡಿ ಒಮ್ಮೆ ಬಿಕ್ಕಿ ಆಫ್ ಆಗುತ್ತದೆ. ಮುಂದಿನ ನಿಂಬೆ ಗೇಣುದ್ದ ಉರುಳುತ್ತದೆ. ಅರ್ಚಕರು ಅದನ್ನು ಎತ್ತಿ ಮತ್ತೆ ಚಕ್ರಕ್ಕೆ ಒತ್ತಿ ಇಡುವವರೆಗೆ ಗಾಡಿ ಒರಗಿ ನಿಂತಿರುತ್ತದೆ. ಈ ಸಲ ಎಂಜಿನ್ ಭೋರ್ಗರೆಯುತ್ತದೆ, ಯಾರದೋ ಕಂಕುಳಲ್ಲಿದ್ದ ಮಗು ಬೆಚ್ಚಿ ಅಳುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. 'ಕ್ಲಚ್ ಬಿಡಿ' ಎನ್ನುತ್ತಾರೆ ಒಬ್ಬರು. 'ಬಿಡಬೇಡಿ, ನಿಧಾನಕ್ಕೆ ಬಿಡಿ' ಎನ್ನುತ್ತಾರೆ ಇನ್ನೊಬ್ಬರು. 'ಗೇರ್ ಹಾಕಿದ್ದೀರಾ?' ಎಂದು ಮೂರನೆಯವರು ಕೇಳಿದಾಗ ಕ್ಷಣಕಾಲ ಮೌನ. ಗೇರ್ ಹಾಕಿರುವುದಿಲ್ಲ. ಹಾಕಿದ ಕೂಡಲೇ ಎಂಜಿನ್ ನಿಲ್ಲುತ್ತದೆ. ಮತ್ತೆ ಸ್ಟಾರ್ಟ್, ಮತ್ತೆ ಗೇರ್, ಮತ್ತೆ ನಿಲುಗಡೆ. ಭಾವಮೈದುನ ಪೆಟ್ರೋಲ್ ಮುಚ್ಚಳ ತೆಗೆದು ಒಳಗೆ ನೋಡುತ್ತಾನೆ. ಹಿಂದೆ ಸರದಿಯಲ್ಲಿರುವ ದೊಡ್ಡ ಕಾರಿನವರು ತಮ್ಮ ನಾಲ್ಕು ನಿಂಬೆಹಣ್ಣುಗಳನ್ನು ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತಾರೆ, ರಾಹುಕಾಲದ ಲೆಕ್ಕ ಹಾಕುತ್ತಾರೆ. ಆಗ ಹೂ ಮಾರುವ ಹೆಂಗಸು ಕೂತಲ್ಲಿಂದಲೇ, ಮಾರು ಕಟ್ಟುವ ಕೈ ನಿಲ್ಲಿಸದೆ, 'ಸ್ಟ್ಯಾಂಡ್ ಎತ್ತಿ ಸಾಮಿ' ಎನ್ನುತ್ತಾಳೆ. ಸೈಡ್ ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ತಾನಾಗಿ ನಿಲ್ಲುವ ವ್ಯವಸ್ಥೆ ಈಗಿನ ಹಲವು ಗಾಡಿಗಳಲ್ಲಿದೆ. ಶೋರೂಮಿನ ಹುಡುಗ ಇದನ್ನೂ ಹೇಳಿದ್ದ, ತಮ್ಮನಿಗೆ.

ಸ್ಟ್ಯಾಂಡ್ ಎತ್ತಿದ ಮೇಲೆ ಗಾಡಿ ಹಾರುತ್ತದೆ. ಹಿಂದಿನ ನಿಂಬೆ ಅಪ್ಪಚ್ಚಿಯಾಗುತ್ತದೆ, ಮುಂದಿನದು ಚಿಮ್ಮಿ ದೊಡ್ಡ ಕಾರಿನ ಅಡಿಗೆ ಹೋಗುತ್ತದೆ. ಒಂದೇ ನಿಂಬೆ ಸಾಕೇ ಎಂಬ ಚರ್ಚೆ ಹುಟ್ಟುತ್ತದೆ. ಬೇರೆಯವರ ಕಾರಿನಡಿ ಹೋದ ನಿಂಬೆಯ ಫಲ ಯಾರಿಗೆ ಎಂದು ಕಾರಿನವರೂ ಚರ್ಚೆಗೆ ಇಳಿಯುತ್ತಾರೆ. ಕೊನೆಗೆ ಹೊಸ ನಿಂಬೆ ತರಿಸಿ, ಎಂಜಿನ್ ಆಫ್ ಮಾಡಿಸಿ, ಭಾವಮೈದುನನೂ ಕಾರಿನ ಡ್ರೈವರೂ ಹಿಂದಿನಿಂದ ತಳ್ಳಿ ಕೆಲಸ ಮುಗಿಸುತ್ತಾರೆ. ಎಂಜಿನ್ ಚಾಲೂ ಇರಬೇಕೆಂದು ಎಲ್ಲೂ ಹೇಳಿಲ್ಲ ಎಂದು ಅರ್ಚಕರು ತೀರ್ಪು ಕೊಡುತ್ತಾರೆ. ದೃಷ್ಟಿ ತಗಲದಿರಲಿ ಎಂಬುದು ಇಷ್ಟಕ್ಕೆಲ್ಲ ಉದ್ದೇಶ. ಅಷ್ಟು ಹೊತ್ತಿಗೆ ಗಾಡಿಯ ಮೇಲೆ ಬಿದ್ದಿರುವ ದೃಷ್ಟಿ ಎರಡು ನಿಂಬೆಹಣ್ಣಿನ ಶಕ್ತಿಯನ್ನು ಎಂದೋ ಮೀರಿರುತ್ತದೆ. ಈ ಪ್ರಕರಣಕ್ಕೆ ಇಷ್ಟು ಜಾಗ ಬೇಕಿತ್ತೇ ಎನ್ನಬಹುದು. ಗಾಡಿಯ ಜೊತೆ ಕೊಡುವ ಕೈಪಿಡಿಯಲ್ಲಿ ನಿಂಬೆಹಣ್ಣಿನ ಬಗ್ಗೆ ಒಂದು ಸಾಲೂ ಇಲ್ಲದಿರುವುದರಿಂದ ಬೇಕು.

ಅಭ್ಯಾಸಕ್ಕೆ ಭಾನುವಾರ ಬೆಳಗಿನ ಆರು ಗಂಟೆ ಪ್ರಶಸ್ತ. ಐದನೇ ಬ್ಲಾಕಿನ ಶಾಲಿನಿ ಮೈದಾನದ ಸುತ್ತಲಿನ ರಸ್ತೆಗಳು, ಜೆ.ಪಿ. ನಗರದ ಒಳಗಿನ ಕ್ರಾಸುಗಳು ಆಗ ಖಾಲಿ. ವಾಕಿಂಗ್ ಹೊರಟವರು ಖಾಲಿಯ ಲೆಕ್ಕಕ್ಕೆ ಬರುವುದಿಲ್ಲ. ಅವರು ರಸ್ತೆಯ ನಡುವೆ ನಾಲ್ವರು ಸಾಲಾಗಿ ನಡೆಯುತ್ತಾರೆ. 1948ರಲ್ಲಿ ಆರಂಭವಾದ ಜಯನಗರ ನೇರ ಮೇನ್, ನೇರ ಕ್ರಾಸುಗಳ ಬಡಾವಣೆಯಾದ್ದರಿಂದ ತಿರುವು ಕಲಿಯಲು ಅನುಕೂಲ. ಹಂಪುಗಳು ಬೇರೆ ಅಧ್ಯಾಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ 25 ಕಿಲೋಮೀಟರಿನಲ್ಲಿ ಸಲೀಸಾಗಿ ದಾಟುವಂತಿರಬೇಕು. ಕ್ರಾಸುಗಳಲ್ಲಿ ಸಿಗುವವು ಎತ್ತರವನ್ನು ಒಪ್ಪಿ ಅಗಲವನ್ನು ಕೈಬಿಟ್ಟಿವೆ.

ಕಲಿಯುವವರು ವೇಗಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ನಿಧಾನಕ್ಕೆ. ಓಡುವ ದ್ವಿಚಕ್ರ ವಾಹನ ತಕ್ಕಮಟ್ಟಿಗೆ ತನ್ನನ್ನು ತಾನೇ ನೆಟ್ಟಗಿಟ್ಟುಕೊಳ್ಳುತ್ತದೆ. ತಿರುಗುವ ಚಕ್ರಗಳ ಬುಗುರಿ ಗುಣವೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಗುಣವನ್ನೇ ಅಳಿಸಿಹಾಕಿದ ವಿಚಿತ್ರ ಸೈಕಲ್ಲೊಂದನ್ನು ಕಟ್ಟಿ, ಸವಾರನಿಲ್ಲದೆ ತಳ್ಳಿಬಿಟ್ಟರು. ಅದೂ ಬೀಳದೆ ಓಡಿತು. ಸಾಕಷ್ಟು ವೇಗವೊಂದು ಇದ್ದರೆ ಸಾಕಾಗಿತ್ತು. ಬೆಂಗಳೂರು ಕೊಡಲಾರದ್ದು ಅದನ್ನೇ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು, ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಇದು ಸರಾಸರಿ. ಸಂಜೆ ಆರೂವರೆಗೆ ಬಿಟಿಎಂ ಲೇಔಟಿನಿಂದ ಸಿಲ್ಕ್ ಬೋರ್ಡ್ ಕಡೆಗೆ ಹೊರಟವರಿಗೆ ಈ ಅಂಕಿ ಐಷಾರಾಮವೆನಿಸುತ್ತದೆ. ಅಲ್ಲಿ ಗಾಡಿಯನ್ನು ನೆಟ್ಟಗೆ ಹಿಡಿಯುವುದು ಭೌತಶಾಸ್ತ್ರವಲ್ಲ, ಸವಾರನ ಎರಡು ಕಾಲು. ಮೊದಲ ಗೇರಿಗೂ ಎರಡನೆಯದಕ್ಕೂ ನಡುವೆ ಅಡಗಿರುವ ನ್ಯೂಟ್ರಲ್ಲನ್ನು ಕಾಲ್ಬೆರಳ ತುದಿಯಿಂದ ಹುಡುಕುತ್ತಾ, ಸಿಕ್ಕಿದ ಗಳಿಗೆಯಲ್ಲೇ ಸಿಗ್ನಲ್ ಹಸಿರಾಗಿ, ಮತ್ತೆ ಕ್ಲಚ್ ಒತ್ತುತ್ತಾ ಕಳೆಯುವ ಸಂಜೆಗಳಲ್ಲಿ ಎಡಗೈ ಮುಷ್ಟಿ ಬಿಗಿಯಾಗುತ್ತದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಮನೆಯಲ್ಲಿ ಅವರನ್ನೇ ಕರೆಯುತ್ತಾರೆ.

ರಸ್ತೆಯ ಮೇಲೆ ಬೋಧಕರಿಗೆ ಬರವಿಲ್ಲ. 'ಸೈಡ್ ಸ್ಟ್ಯಾಂಡ್!' ಎಂಬ ಕೂಗು ಆಟೋದಿಂದ, ಬಸ್ಸಿನ ಕಿಟಕಿಯಿಂದ, ಎದುರು ಬರುವ ಹಾಲಿನವನಿಂದ ಬರುತ್ತದೆ. ಈ ಊರಿನ ನಿಜವಾದ ದೊಡ್ಡತನಗಳಲ್ಲಿ ಇದೊಂದು. ಬೆರಳು ಅರಳಿಸಿ ಮುಚ್ಚಿ 'ಹಗಲಲ್ಲಿ ಲೈಟ್ ಉರೀತಿದೆ' ಎಂದು ಸನ್ನೆ ಮಾಡುವವರೂ ಇದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಜೊತೆಗೇ ಉರಿಯುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಆದರೂ ಕೃತಜ್ಞತೆಯಿಂದ ತಲೆಯಾಡಿಸಿ ಇಲ್ಲದ ಸ್ವಿಚ್ಚನ್ನು ಒತ್ತಿದಂತೆ ಮಾಡುವುದು ಶಿಷ್ಟಾಚಾರ. ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸಿ, ಅಲ್ಲಿ ತರಕಾರಿ ಚೀಲ ಹಿಡಿದು ನಡೆಯುವ ಮುದುಕಿಗೇ ಹಾರ್ನ್ ಹೊಡೆಯುವವರಿಗೆ ಮಾತ್ರ ಯಾರೂ ಏನೂ ಕೂಗುವುದಿಲ್ಲ. ಅವರು ಹೊಸಬರಲ್ಲ. ಹೊಸಬರಿಗೆ ಫುಟ್‌ಪಾತ್ ಹತ್ತಿಸಲು ಬರುವುದಿಲ್ಲ.

ಹೆಲ್ಮೆಟ್ಟಿನ ವಿಷಯದಲ್ಲಿ ತಮಾಷೆಗೆ ಎಡೆ ಕಡಿಮೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಹೆಲ್ಮೆಟ್ ಧರಿಸಿದರೆ ಸಾವಿನ ಸಂಭವ ಶೇ 42ರಷ್ಟು, ತಲೆಗೆ ಗಾಯವಾಗುವ ಸಂಭವ ಶೇ 69ರಷ್ಟು ತಗ್ಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯ ಲೆಕ್ಕ. ಐಎಸ್‌ಐ ಗುರುತಿಲ್ಲದ ಅರ್ಧ ಚಿಪ್ಪನ್ನು ತಲೆಯ ಮೇಲಿಟ್ಟು, ಪಟ್ಟಿ ಕಟ್ಟದೆ, ಪೊಲೀಸರಿಗೆ ಕಾಣಿಸಿದರೆ ಸಾಕೆಂದುಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಜಯನಗರದ ಮಗ್ಗುಲಲ್ಲೇ ಇದೆ. ತಲೆಗೆ ಪೆಟ್ಟಾದವರನ್ನು ನಾಡಿನ ಮೂಲೆಮೂಲೆಯಿಂದ ಅಲ್ಲಿಗೆ ಕರೆತರುತ್ತಾರೆ. ಕಲಿಯುವವರು ಕ್ಲಚ್ ಬಿಡಲು ತಡಕಾಡುವ ಇದೇ ಸಿಗ್ನಲ್ಲುಗಳಲ್ಲಿ ಆ ಆಂಬುಲೆನ್ಸುಗಳಿಗೆ ದಾರಿ ಬಿಡಬೇಕಾಗುತ್ತದೆ.

ಕಲಿಕಾ ಲೈಸೆನ್ಸಿನ ಅವಧಿ ಆರು ತಿಂಗಳು. ಪಡೆದು 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಕೆಎ-05 ಫಲಕದ ಜಯನಗರದವರಿಗೂ ಉಳಿದವರಿಗೂ ಪರೀಕ್ಷೆ ಒಂದೇ: ಎಂಟು ಹಾಕುವುದು. 8 ಅಂಕಿಯ ಹಾದಿಯಲ್ಲಿ, ಕಾಲು ನೆಲಕ್ಕೆ ತಾಗದಂತೆ, ನಿಧಾನವಾಗಿ. ಕಾಯಿದೆಯೂ ಪರೀಕ್ಷಿಸುವುದು ನಿಧಾನವನ್ನೇ, ಆ ಮಟ್ಟಿಗೆ ಅದಕ್ಕೆ ಬೆಂಗಳೂರು ಗೊತ್ತಿದೆ. ಎರಡನೇ ಗೇರಿನಲ್ಲಿ, ಹಾಫ್ ಕ್ಲಚ್ ಹಿಡಿದು, ಹಿಂದಿನ ಬ್ರೇಕನ್ನು ತುಸು ಒತ್ತಿ, ಚಕ್ರವನ್ನು ಬಿಟ್ಟು ಹೋಗಬೇಕಾದ ಕಡೆಗೆ ಕಣ್ಣಿಟ್ಟರೆ ಎಂಟು ತಾನಾಗಿ ಬೀಳುತ್ತದೆ. ಭಾವಮೈದುನನ ಕಡೆ ನೋಡಿದರೆ ಗಾಡಿಯೂ ಅವನ ಕಡೆಗೇ ಹೋಗುತ್ತದೆ.

ಕೊನೆಯದು ಮೊದಲ ಸರ್ವಿಸ್. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ದಿನ, ಯಾವುದು ಮೊದಲೋ ಅದರಂತೆ ಎಂದು ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ನಾಲ್ಕನೇ ಬ್ಲಾಕಿಗೂ ಒಂಬತ್ತನೇ ಬ್ಲಾಕಿಗೂ ನಡುವೆ ಓಡಾಡುವ ಹೊಸ ಸವಾರರ ಮಟ್ಟಿಗೆ ದಿನಗಳೇ ಮೊದಲು ಬರುತ್ತವೆ. ಮೆಕ್ಯಾನಿಕ್ ಮೀಟರಿನ ಮೇಲಿನ ಧೂಳು ಒರೆಸಿ ಕಿಲೋಮೀಟರ್ ಬರೆದುಕೊಳ್ಳುತ್ತಾನೆ, ಕ್ಲಚ್ ಹಿಡಿಯನ್ನು ಒಮ್ಮೆ ಒತ್ತಿ ನೋಡುತ್ತಾನೆ, ಇಷ್ಟು ಕಡಿಮೆ ಓಡಿಸಿ ಇಷ್ಟು ಸವೆಸಿದ್ದು ಹೇಗೆ ಎಂದು ಕೇಳುತ್ತಾನೆ. ಆಯಿಲ್ ಬದಲಿಸಿ, ಚೈನ್ ಬಿಗಿ ಮಾಡಿ, ಮಧ್ಯಾಹ್ನ ಮೂರರ ಹೊತ್ತಿಗೆ ಗಾಡಿ ಕೊಡುತ್ತಾನೆ.