ಮೂರನೆಯ ರೆಫರಿ ಬೇಕಾಗಿದ್ದಾರೆ

ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆನ್‌ಲೈನ್ ಅರ್ಜಿ ರೆಫರಿಗಳ ಪುಟದವರೆಗೆ ಸಲೀಸಾಗಿ ಸಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೀರುವಿನಲ್ಲಿ ಸಿಗುತ್ತದೆ, ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ದುಡ್ಡು ಕಟ್ಟಿದರೆ ಸಂಶೋಧನಾ ಲೇಖನದ ಪ್ರಕಟಣೆಯೂ ಸಿಗುತ್ತದೆ. ಆದರೆ ನಿಮ್ಮನ್ನು ಬಲ್ಲ, ನಿಮ್ಮ ಬಂಧುವಲ್ಲದ, ದೊಡ್ಡ ಹುದ್ದೆಯಲ್ಲಿರುವ ಮೂವರು ಸಿಗುವುದಿಲ್ಲ. ಮೂರು ಖಾನೆ, ಮೂರರ ಪಕ್ಕದಲ್ಲೂ ಕೆಂಪು ನಕ್ಷತ್ರ. ತುಂಬದಿದ್ದರೆ ‘ಸೇವ್ ಅಂಡ್ ನೆಕ್ಸ್ಟ್’ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ.

ಮೊದಲ ಖಾನೆಗೆ ಗೈಡ್ ಹೆಸರು, ಅದರಲ್ಲಿ ಚರ್ಚೆಯಿಲ್ಲ. ಬಿಟ್ಟರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ‘ಯಾಕ್ರೀ, ಗೈಡ್ ಜೊತೆ ಜಗಳವಾ?’ ಆದರೆ ಗೈಡ್ ನಿವೃತ್ತರು. ಅರ್ಜಿ ಕೇಳುವುದು ಸಂಸ್ಥೆಯ ಇ-ಮೇಲ್, ಜಿಮೇಲ್ ನಡೆಯದು. ಪಿಂಚಣಿ ಶುರು ಮಾಡುವುದಕ್ಕೆ ವರ್ಷ ಹಿಡಿಯುವ ವಿಶ್ವವಿದ್ಯಾಲಯ, ಮೇಲ್ ಐಡಿಯನ್ನು ಬೀಳ್ಕೊಡುಗೆ ಹಾರ ಬಾಡುವ ಮೊದಲೇ ನಿಲ್ಲಿಸಿರುತ್ತದೆ.

ಎರಡನೆಯ ಖಾನೆಗೆ ಪ್ರಾಂಶುಪಾಲರು. ಅವರು ಪ್ರಭಾರ, ಬಂದು ಮೂರು ತಿಂಗಳಾಗಿದೆ, ವರ್ಗಾವಣೆಯ ನಿರೀಕ್ಷೆಯಲ್ಲಿದ್ದಾರೆ. ‘ನೀವು ಯಾವ ಸಬ್ಜೆಕ್ಟು?’ ಎಂದು ಕೇಳಿದವರು ನಿಮ್ಮ ವಿದ್ವತ್ತಿನ ಬಗ್ಗೆ ಏನು ತಾನೇ ಬರೆದಾರು? ವಿಭಾಗದ ಮುಖ್ಯಸ್ಥರನ್ನು ಕೇಳೋಣವೆಂದರೆ, ಇಡೀ ವಿಭಾಗವೆಂದರೆ ಅತಿಥಿ ಉಪನ್ಯಾಸಕರಾದ ನೀವೇ.

ಮೂರನೆಯ ಖಾನೆಗೆ ನೆನಪಾಗುವವರು ವೈವಾಕ್ಕೆ ಬಂದಿದ್ದ ಹೊರಗಿನ ಪರೀಕ್ಷಕರು. ಹೋಳಿಗೆ ಊಟವನ್ನು ಮನಸಾರೆ ಹೊಗಳಿದ್ದರು, ಪ್ರಬಂಧದ ಬಗ್ಗೆ ಏನೆಂದರೋ ಯಾರಿಗೂ ನೆನಪಿಲ್ಲ. ಅವರಿಗೆ ಫೋನ್ ಮಾಡಿದರೆ, ಇದೇ ಹುದ್ದೆಗೆ ಅವರ ಅಳಿಯಂದಿರೂ ಅರ್ಜಿ ಹಾಕಿದ್ದಾರೆಂಬ ಶುಭ ಸಮಾಚಾರ ಸಿಗುತ್ತದೆ.

ಹೆಸರು ಕೊಡಲು ಒಪ್ಪಿದರೂ ಆಯಿತೇ? ಪತ್ರ ಬೇಕಲ್ಲ. ಮೇಷ್ಟ್ರು ಬಹಳ ಪ್ರೀತಿಯಿಂದಲೇ ಮಾತಾಡುತ್ತಾರೆ.

‘ನೀನು ನನ್ನ ಮಗ ಇದ್ದಂಗೆ ಕಣಯ್ಯ. ಒಂದು ಡ್ರಾಫ್ಟ್ ಮಾಡ್ಕೊಂಡು ಬಾ, ಸೈನ್ ಹಾಕ್ತೀನಿ. ಲೆಟರ್‌ಹೆಡ್ ಖಾಲಿಯಾಗಿದೆ, ಅದನ್ನೂ ನೀನೇ ಮಾಡಿಸ್ಕೊಂಡು ಬಂದ್ಬಿಡು.’

‘ಏನಂತ ಬರೀಲಿ ಸಾರ್?’

‘ಅಯ್ಯೋ, ನಿನ್ನ ಬಗ್ಗೆ ನಿನಗೆ ಗೊತ್ತಿಲ್ವಾ?’

ರೆಫರಿ ಬಂಧುವಾಗಿರಬಾರದು ಎಂಬ ಷರತ್ತು ಮೊದಲ ವಾಕ್ಯಕ್ಕೇ ಮುರಿದುಬಿತ್ತು. ಪ್ರಬಂಧವನ್ನು ತಾನೇ ಬರೆದ (ಹಾಗೆಂದು ನಂಬೋಣ) ಅಭ್ಯರ್ಥಿ ಈಗ ತನ್ನ ಬಿರುದಾವಳಿಯನ್ನೂ ತಾನೇ ಬರೆಯಲು ಕೂರುತ್ತಾನೆ. ಜಾಸ್ತಿ ಹೊಗಳಿಕೊಂಡರೆ ಸಹಿ ಹಾಕುವವರ ಕಣ್ಣು ಕೆಂಪಾದೀತು, ಕಡಿಮೆ ಹೊಗಳಿಕೊಂಡರೆ ಪಕ್ಕದ ತಾಲ್ಲೂಕಿನವನು ಮುಂದೆ ಹೋದಾನು. ‘ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿ’ ಎಂದು ಟೈಪ್ ಮಾಡಿ, ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿ, ‘ಅತ್ಯುತ್ತಮರಲ್ಲಿ ಒಬ್ಬ’ ಎಂದು ತಿದ್ದುತ್ತಾನೆ. ಮೂರು ಪತ್ರ ಮೂವರು ಬರೆದಂತೆ ಕಾಣಬೇಕು. ಹಾಗಾಗಿ ಒಂದಕ್ಕೆ ಟೈಮ್ಸ್ ನ್ಯೂ ರೋಮನ್, ಇನ್ನೊಂದಕ್ಕೆ ಕೇಂಬ್ರಿಯಾ, ಮತ್ತೊಂದಕ್ಕೆ ಹಳೇ ಮೇಷ್ಟ್ರ ಗತ್ತು ಬರಲೆಂದು ‘ಇಟ್ ಗಿವ್ಸ್ ಮಿ ಇಮ್ಮೆನ್ಸ್ ಪ್ಲೆಷರ್’. ಮೂರರಲ್ಲೂ ‘ಸಿನ್ಸಿಯರ್’ ಸ್ಪೆಲಿಂಗ್ ಒಂದೇ ರೀತಿ ತಪ್ಪಿರುತ್ತದೆ. ಮೂವರು ಪ್ರಾಧ್ಯಾಪಕರ ಈ ಒಮ್ಮತವನ್ನು ಯಾವ ಆಯ್ಕೆ ಸಮಿತಿಯೂ ಪತ್ತೆ ಹಚ್ಚುವುದಿಲ್ಲ. ಪತ್ತೆ ಹಚ್ಚಲು ಓದಬೇಕು.

ಅಮೆರಿಕದಲ್ಲಿ 1974ರ ಒಂದು ಕಾನೂನು, ತನ್ನ ಬಗ್ಗೆ ಬರೆದ ಶಿಫಾರಸು ಪತ್ರವನ್ನು ನೋಡುವ ಹಕ್ಕನ್ನು ಬೇಡವೆಂದು ಬಿಟ್ಟುಕೊಡಲು ವಿದ್ಯಾರ್ಥಿಗೆ ಅವಕಾಶ ಕೊಡುತ್ತದೆ. ಬಿಟ್ಟುಕೊಟ್ಟರೇ ಪತ್ರಕ್ಕೆ ಬೆಲೆ ಅಂತೆ. ನಮ್ಮ ಹುಡುಗರು ಅಲ್ಲಿಗೆ ಅರ್ಜಿ ಹಾಕುವಾಗ ಆ ಚೌಕಕ್ಕೆ ಧಾರಾಳವಾಗಿ ಟಿಕ್ ಹಾಕುತ್ತಾರೆ. ತಾವೇ ಬರೆದದ್ದನ್ನು ಮತ್ತೆ ಓದುವ ಹಕ್ಕು ಯಾರಿಗೆ ಬೇಕು?

ಐನ್‌ಸ್ಟೈನ್ ಕೂಡ ಈ ಖಾನೆಯಲ್ಲಿ ಎಡವಿದವನೇ. 1900ರಲ್ಲಿ ಜ್ಯೂರಿಕ್ ಪಾಲಿಟೆಕ್ನಿಕ್‌ನಿಂದ ಹೊರಬಂದವನು ಕಂಡಕಂಡ ಪ್ರೊಫೆಸರುಗಳಿಗೆ ಕಾಗದ ಬರೆದ. ತನ್ನ ಮೇಷ್ಟ್ರು ವೇಬರ್ ಅಡ್ಡಗಾಲು ಹಾಕುತ್ತಿದ್ದಾರೆಂಬ ಗುಮಾನಿ ಅವನಿಗಿತ್ತು. 1901ರ ಏಪ್ರಿಲ್‌ನಲ್ಲಿ ಅವನಪ್ಪ, ಮಗನಿಗೆ ತಿಳಿಯದಂತೆ, ಪ್ರಖ್ಯಾತ ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್‌ಗೆ ಅಂಗಲಾಚಿ ಬರೆದ. ಕೆಲಸ ಸಿಗಲಿಲ್ಲ. ಗೆಳೆಯ ಗ್ರಾಸ್‌ಮನ್‌ನ ತಂದೆಯ ಪರಿಚಯ ಹಿಡಿದು 1902ರಲ್ಲಿ ಬರ್ನ್‌ನ ಪೇಟೆಂಟ್ ಕಚೇರಿ ಸೇರಿದ. ಅದೇ ಓಸ್ಟ್‌ವಾಲ್ಡ್ 1910ರ ನೊಬೆಲ್‌ಗೆ ಐನ್‌ಸ್ಟೈನ್ ಹೆಸರು ಸೂಚಿಸಿದ. ರೆಫರಿಗಳು ಬರೆಯುವುದೇ ಇಲ್ಲವೆಂದು ದೂರುವ ಹಾಗಿಲ್ಲ, ಬರೆಯುತ್ತಾರೆ. ಬೇಕಾದಾಗ ಮಾತ್ರ ಬರೆಯುವುದಿಲ್ಲ.

ಇಷ್ಟಕ್ಕೂ ಈ ಮೂವರಿಗೆ ಎಷ್ಟು ಅಂಕ? ಯುಜಿಸಿಯ 2018ರ ನಿಯಮಾವಳಿಯಂತೆ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಕರೆಯುವಾಗ ಪಿಎಚ್.ಡಿ.ಗೆ 30 ಅಂಕ, ಪ್ರಕಟಣೆಗಳಿಗೆ ಹೆಚ್ಚೆಂದರೆ 10, ಬೋಧನಾನುಭವಕ್ಕೆ ಹೆಚ್ಚೆಂದರೆ 10. ರೆಫರಿಗಳ ಸುಳಿವೇ ಆ ಪಟ್ಟಿಯಲ್ಲಿಲ್ಲ. ಆ ಅಂಕಗಳೂ ಸಂದರ್ಶನದ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಸಂದರ್ಶನವೇ ಸರ್ವಸ್ವ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ರತ್ನವಿದೆ. ಹಿಂದಿನ ತಾತ್ಕಾಲಿಕ ಸೇವೆ ಲೆಕ್ಕಕ್ಕೆ ಬರಬೇಕಾದರೆ ಆಗಿನ ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರದ್ದಕ್ಕಿಂತ ಕಡಿಮೆ ಇರಕೂಡದು. ಕಾಯಂ ಹುದ್ದೆಯ ಆರಂಭಿಕ ಮೂಲವೇತನವೇ 57,700 ರೂಪಾಯಿ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು 2022ರಲ್ಲಿ ಏರಿಸಿದಾಗ, ಏರಿದ ಮೇಲೆ ಅದರ ತುತ್ತತುದಿ 32,000. ಕಡಿಮೆ ಕೊಟ್ಟವರು ಒಬ್ಬರು, ಕಡಿಮೆ ತೆಗೆದುಕೊಂಡೆಯೆಂದು ಅನುಭವಕ್ಕೆ ಕತ್ತರಿ ಹಾಕುವವರು ಇನ್ನೊಬ್ಬರು. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಸಾಕ್ಷಿ ನುಡಿಯಲು ಉಳಿಯುವುದು ಆ ಮೂರು ಖಾನೆಗಳೇ.

ಅರ್ಜಿಯಲ್ಲಿ ಖಾನೆಯೇ ಇಲ್ಲದ ನಾಲ್ಕನೆಯ ರೆಫರಿಯ ವಿಷಯ ಬೇರೆ. ಅವರು ಶಾಸಕರೋ, ಜಾತಿ ಸಂಘದ ಅಧ್ಯಕ್ಷರೋ, ಮಠದ ಕಾರ್ಯದರ್ಶಿಗಳೋ ಆಗಿರುತ್ತಾರೆ. ಅವರಿಗೆ ಸಂಸ್ಥೆಯ ಇ-ಮೇಲ್ ಬೇಕಿಲ್ಲ, ಅಭ್ಯರ್ಥಿಯ ಪ್ರಬಂಧದ ಶೀರ್ಷಿಕೆ ಗೊತ್ತಿರಬೇಕಿಲ್ಲ, ಪತ್ರವೂ ಬೇಕಿಲ್ಲ. ‘ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ’ ಎಂಬ ಒಂದು ಫೋನ್ ಸಾಕು.

ಕುಲಸಚಿವರೇ, ಆ ಪುಟ ಕಿತ್ತುಹಾಕಿ. ಆಗದಿದ್ದರೆ ಸಂದರ್ಶನಕ್ಕೆ ಕರೆದವರ ರೆಫರಿಗಳಿಗೆ ನೀವೇ ಒಂದು ಫೋನ್ ಮಾಡಿ, ಹುಡುಗ ಪಾಠ ಹೇಗೆ ಮಾಡುತ್ತಾನೆ ಎಂದು ಕೇಳಿ. ಮೇಷ್ಟ್ರೇ, ನೀವು ಪತ್ರವನ್ನು ನಿಮ್ಮ ಕೈಯಾರೆ ಬರೆಯಿರಿ. ಪುರುಸೊತ್ತಿಲ್ಲದಿದ್ದರೆ ಮೊದಲೇ ಹೇಳಿಬಿಡಿ, ಅವನು ಬೇರೆಯವರ ಮನೆ ಬಾಗಿಲಿಗೆ ಹೋಗುತ್ತಾನೆ. ಕೊನೆಯ ದಿನಾಂಕ ಕಳೆದ ಮೇಲೆ ‘ಮರೆತೇಬಿಟ್ಟೆ ಕಣೋ’ ಅನ್ನಬೇಡಿ.