ಮಂಡಕಳ್ಳಿಯ ಅಶರೀರವಾಣಿ

ವಿಮಾನದವರ ಮಾತು ಕೇಳುವ ರೇಡಿಯೊ ಮನೆಯಲ್ಲೇ ಮಾಡುತ್ತೇನೆ ಎಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಮೈಸೂರಲ್ಲಿ ವಿಮಾನ ಎಲ್ಲಿದೆ ರೀ?"

ನ್ಯಾಯವಾದ ಪ್ರಶ್ನೆಯೇ. ಮಂಡಕಳ್ಳಿ ನಿಲ್ದಾಣ 2010ರಲ್ಲಿ ಹೊಸ ರೂಪದಲ್ಲಿ ಉದ್ಘಾಟನೆಯಾಯಿತು. ಓಡುದಾರಿ 1740 ಮೀಟರ್. ಅಲ್ಲಿ ಬಂದಿಳಿಯುವುದು ರೆಕ್ಕೆಗೆ ಫ್ಯಾನು ಕಟ್ಟಿಕೊಂಡ ಎಟಿಆರ್‌ನಂಥ ಸಣ್ಣವು, ಅದೂ ಬೆರಳಲ್ಲಿ ಎಣಿಸುವಷ್ಟು. ನನ್ನದು ಬಯಲುಸೀಮೆಯಲ್ಲಿ ಕೂತು ಸಮುದ್ರದ ಬಲೆ ಹೆಣೆಯುವ ಕೆಲಸ.

ಆದರೆ ಕಾಗದದ ಮೇಲೆ ಎಲ್ಲವೂ ಸಲೀಸು. ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಪೈಲಟ್ಟುಗಳ ಮಾತುಕತೆ 118ರಿಂದ 137ರವರೆಗೆ. ಪಕ್ಕದ ಬೀದಿ ಅಷ್ಟೆ. ಹಳೆಯ ಎಫ್‌ಎಂ ರೇಡಿಯೊ ಬಿಚ್ಚಿ, ಏರಿಯಲ್ ಕಡೆಯ ಕಾಯಿಲಿನ ಸುತ್ತುಗಳನ್ನು ಚೂರು ಅಗಲಿಸಿದರೆ ಸಾಕು, ಅದು ಮೇಲಿನ ಬೀದಿಗೆ ಹತ್ತುತ್ತದೆ. ವಿಮಾನದವರು ಇಂದಿಗೂ ಹಳೇ ಕಾಲದ ಎಎಂನಲ್ಲೇ ಮಾತಾಡುವುದರಿಂದ ಒಂದು ಡಯೋಡು ಬೇರೆ ಸೇರಿಸಬೇಕು. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಜೋರಿನವರದ್ದಷ್ಟೇ ಕೇಳುತ್ತದೆ, ಇನ್ನೊಬ್ಬರು ಇದ್ದರೆಂಬುದೇ ತಿಳಿಯುವುದಿಲ್ಲ. ಎಎಂನಲ್ಲಿ ಕೊಯ್ ಎಂಬ ಕಿರುಚಾಟವಾದರೂ ಎದ್ದು, ಮತ್ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ. ನಮ್ಮ ಮನೆ, ಅಮ್ಮನ ದೆಸೆಯಿಂದ, ಶುದ್ಧ ಎಫ್‌ಎಂ.

ಏರಿಯಲ್ಲಿಗೆ ಸುಮಾರು 60 ಸೆಂಟಿಮೀಟರಿನ ಕಡ್ಡಿ ಬೇಕಿತ್ತು. ಅಪ್ಪನ ಕಾಲದ ಕೊಡೆಯ ಕಡ್ಡಿ ಅಳತೆಗೆ ಸರಿಯಾಗಿ ಒದಗಿತು. ಕೊಡೆ ಇನ್ನೂ ಬಳಕೆಯಲ್ಲಿದೆ ಎಂಬುದು ಮಳೆ ಬಂದ ದಿನ ತಿಳಿಯಿತು.

ಕಷ್ಟವಾದದ್ದು ಕಾಯಿಲಿನ ಸುತ್ತು ಸರಿಸುವುದು. ಸ್ಕ್ರೂಡ್ರೈವರ್ ಹತ್ತಿರ ತಂದರೆ ಸಾಕು, ಕಬ್ಬಿಣದ ವಾಸನೆಗೇ ಟ್ಯೂನಿಂಗ್ ಓಡಿಹೋಗುತ್ತದೆ. ಕೊನೆಗೆ ದೇವರ ಮನೆಯಲ್ಲಿ ಉರಿದು ಉಳಿದ ಊದಿನಕಡ್ಡಿಯ ಬಿದಿರು ಕೈ ಹಿಡಿಯಿತು. ಮೈಸೂರಿನ ಊದಿನಕಡ್ಡಿ ಜಗತ್ತಿಗೆಲ್ಲ ಹೋಗುತ್ತದಂತೆ. ಈ ಉಪಯೋಗ ಕಳಿಸುವವರಿಗೇ ಗೊತ್ತಿರಲಾರದು. ಅಷ್ಟಾದರೂ ನಾನು ಮುಟ್ಟಿಕೊಂಡಿದ್ದರೆ ರೇಡಿಯೊ ಉಸಿರಾಡುತ್ತಿತ್ತು, ಕೈ ತೆಗೆದರೆ ಸುಮ್ಮನಾಗುತ್ತಿತ್ತು. ತೊಟ್ಟಿಲ ಕೂಸಿನ ಜಾತಿ.

ಒಂದು ಸಂಜೆ ಲೆಕ್ಕದ ಪ್ರಕಾರ 122ಕ್ಕೆ ತಂದು ನಿಲ್ಲಿಸಿದೆ. ಮಾತು! ಮೂಗು ಹಿಡಿದು ಮಾತಾಡಿದಂತಿದ್ದರೂ ಮನುಷ್ಯರ ಮಾತೇ. ಎಲ್ಲರನ್ನೂ ತಾರಸಿಗೆ ಕೂಗಿದೆ. ಪೈಲಟ್ಟು ಕನ್ನಡದಲ್ಲಿ, ಬಹಳ ಸಮಾಧಾನದಿಂದ, ಭತ್ತದ ಬೆಂಕಿರೋಗಕ್ಕೆ ಏನು ಸಿಂಪಡಿಸಬೇಕೆಂದು ಹೇಳುತ್ತಿದ್ದ.

"ಮೇಲೂ ಗದ್ದೆ ಮಾಡ್ತಾರೇನೋ?" ಎಂದರು ಅಮ್ಮ.

ಅದು ನಮ್ಮ ಮೈಸೂರು ಆಕಾಶವಾಣಿ, 100.6. ರೇಡಿಯೊದ ಒಳಗಿನ ಆಸಿಲೇಟರು 111.3ರಲ್ಲಿ ಕೂತರೆ ಅದಕ್ಕೆ 10.7 ಮೇಲಿನ 122ರ ಸ್ಟೇಷನ್ನೂ ಒಂದೇ, 10.7 ಕೆಳಗಿನ 100.6ರದ್ದೂ ಒಂದೇ. ಎರಡು ಬಾಗಿಲ ಮನೆ. ಮುಂಬಾಗಿಲಲ್ಲಿ ನಾನು ವಿಮಾನಕ್ಕೆ ಕಾಯುತ್ತಿದ್ದರೆ ಹಿತ್ತಿಲ ಬಾಗಿಲಿಂದ ನೆಂಟರು ಬಂದು ಕೂತಿದ್ದರು.

ಬೇಜಾರು ಮಾಡಿಕೊಳ್ಳುವ ಹಾಗಿರಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ಆಕಾಶವಾಣಿ ಎಂಬ ಅದರ ಹೆಸರೇ ಮುಂದೆ ಇಡೀ ದೇಶದ ರೇಡಿಯೊಕ್ಕೂ ಬಂತು. ಮನೆಯಲ್ಲಿ ತಂತಿ ಸುತ್ತುವ ಹುಚ್ಚಿಗೆ ಈ ಊರಲ್ಲಿ ಒಳ್ಳೆಯ ವಂಶವಿದೆ. ಅವರ ಮನೆಯ ಕೊಡೆಗಳ ಗತಿ ಏನಾಗಿತ್ತೋ!

ಊದಿನಕಡ್ಡಿಯಿಂದ ಇನ್ನೂ ಎರಡು ವಾರ ಹಿಂಸೆ ಕೊಟ್ಟ ಮೇಲೆ ಬೆಂಕಿರೋಗ ಹಿಂದೆ ಸರಿಯಿತು. ಒಂದು ಬೆಳಗ್ಗೆ, ಗರಗರದ ನಡುವೆ, ಅಪ್ಪಟ ಇಂಗ್ಲಿಷಿನಲ್ಲಿ ಮೂರು ನಾಲ್ಕು ಮಾತು. ಆಮೇಲೆ ನಂಜನಗೂಡು ದಿಕ್ಕಿನಲ್ಲಿ ಗುಂಯ್ ಎನ್ನುತ್ತ ಎಟಿಆರ್ ಇಳಿಯಿತು. ಮೆಟ್ಟಿಲನ್ನು ಎರಡೆರಡು ಹಾರಿ ಅಡುಗೆಮನೆಗೆ ಓಡಿದೆ.

"ಏನಂದ್ರು?"

"ಗಾಳಿ ಯಾವ ಕಡೆಯಿಂದ ಎಷ್ಟು ಬೀಸ್ತಾ ಇದೆ ಅಂತ ಕಣೇ!"

"ಅಷ್ಟೇನಾ? ಬಟ್ಟೆ ಒಣಗಿಸೋಕೆ ಹೋಗಿದ್ನಲ್ಲ, ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ."