ಬರಗಾಲದ ಗಿರಾಕಿ

ಕೈಯಲ್ಲಿ ಕಾಸು ಓಡಾಡುವಾಗ ಒಡವೆ ಅಂಗಡಿಗೆ ಹೋಗುವವರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ನಮ್ಮ ನಾಯಕಿ ಅರಸೀಕೆರೆ ಕಡೆಯ ತೆಂಗಿನ ತೋಟದ ಯಜಮಾನಿ; ಆಕೆ ಅಂಗಡಿಯ ಮೆಟ್ಟಿಲು ಹತ್ತುವುದು ಕಾಸಿಗೆ ತತ್ವಾರ ಬಂದಾಗ. 2023ನ್ನೇ ನೋಡಿ. ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ಉಂಡೆ ಕೊಬ್ಬರಿಗೆ ಕೇಂದ್ರ ಗೊತ್ತು ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ಹರಾಜು ಅದಕ್ಕಿಂತ ಎಷ್ಟೋ ಕೆಳಗೆ ಕೂತಿತು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯಿ, ಸುಲಿದು, ಚಿಪ್ಪೊಡೆದು ಚೀಲಕ್ಕೆ ತುಂಬುವ ಹೊತ್ತಿಗೆ ಕೂಲಿ ಗಿಟ್ಟಿದರೆ ಪುಣ್ಯ ಎನ್ನುವಂತಾಯಿತು. ಇಂಥ ಹೊತ್ತಿನಲ್ಲಿ ಮನೆಯವರು ಕೈ ಬಿಗಿ ಹಿಡಿಯಬೇಕು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎನ್ನುವುದು ಲೋಕಾರೂಢಿ. ಯಜಮಾನಿ ಕಾಲು ಚಾಚುವುದು ಮಾತ್ರ ಒಡವೆ ಅಂಗಡಿಯ ಕಡೆಗೆ. ಇದನ್ನು ದುಂದು ಎಂದು ಬೈಯುವವರಿದ್ದಾರೆ, ದೂರದೃಷ್ಟಿ ಎಂದು ಹೊಗಳುವವರಿದ್ದಾರೆ. ಇಬ್ಬರೂ ಆಕೆಯ ಲೆಕ್ಕದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ ಎಂದೇ ನನ್ನ ವಾದ. ಈ ಮನೆಗೆ ಕಷ್ಟ ಬಂದಿಲ್ಲ ಎಂದು ಊರು ನಂಬಬೇಕು. ಆಕೆ ದುಡ್ಡು ಕೊಟ್ಟು ತರುವುದು ಆ ನಂಬಿಕೆಯನ್ನು.

ಆಕೆಯ ವ್ಯಾಪಾರದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಳಗೆ ಕಾಲಿಡುತ್ತಲೇ, 'ಸುಮ್ನೆ ರೇಟ್ ಕೇಳ್ಕೊಂಡು ಹೋಗಾಣ ಅಂತ ಬಂದ್ವಿ ಕಣಣ್ಣ.' ಈ ಮಾತು ಕಿವಿಗೆ ಬಿದ್ದ ಕೂಡಲೇ ಅನುಭವಸ್ಥ ಅಂಗಡಿಯವನು ಬಾದಾಮಿ ಹಾಲಿಗೆ ಹುಡುಗನನ್ನು ಓಡಿಸುತ್ತಾನೆ. ರೇಟು ಮಾತ್ರ ಕೇಳುವವರು ಚಪ್ಪಲಿ ಬಿಟ್ಟು ಒಳಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತು. ಮೊದಲು ಓಲೆಯ ತಟ್ಟೆ ಬರುತ್ತದೆ. ಅಂಗೈಯಲ್ಲಿ ತೂಗಿ ನೋಡಿ, 'ಹಗುರ' ಎಂದು ತಳ್ಳುತ್ತಾಳೆ. ಆಮೇಲೆ ಅವಲಕ್ಕಿ ಸರ. ಕೊನೆಗೆ ಮೂವತ್ತು ಗ್ರಾಮಿನ ಕಾಸಿನ ಸರ. ಆಕೆಯ ತಲೆಯಲ್ಲಿ ಚಿನ್ನದ ಅಳತೆ ಗ್ರಾಮಿನದ್ದಲ್ಲ, ಕ್ವಿಂಟಲಿನದ್ದು. ಆ ವರ್ಷ ಗ್ರಾಮಿಗೆ ಹೆಚ್ಚುಕಡಿಮೆ ಆರು ಸಾವಿರ. ಮಂಡಿಯ ಬೆಲೆಯಲ್ಲಿ ಒಂದು ಕ್ವಿಂಟಲ್ ಕೊಬ್ಬರಿ ಮಾರಿದರೆ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಅಂದರೆ ಕೊರಳಿಗೆ ಇಪ್ಪತ್ತು ಕ್ವಿಂಟಲ್ ಕೊಬ್ಬರಿ ಬೀಳಬೇಕು. ಯಜಮಾನರು ಅಷ್ಟರಲ್ಲಿ ಮಂಡಿಗೆ ಫೋನು ಹಚ್ಚುವ ನೆಪದಲ್ಲಿ ಫುಟ್‌ಪಾತಿಗೆ ಇಳಿದಿರುತ್ತಾರೆ. ಇವಳು ಭೂತಗನ್ನಡಿ ಇಸಿದುಕೊಂಡು, ಆ ವರ್ಷದ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತನ್ನು ಪರೀಕ್ಷಿಸಿ, ವೇಸ್ಟೇಜನ್ನು ಶೇಕಡಾ ಹದಿನಾಲ್ಕರಿಂದ ಹನ್ನೆರಡಕ್ಕೆ ಎಳೆದು, ಜಗತ್ತನ್ನೇ ಗೆದ್ದಂತೆ ಮುಖ ಮಾಡುತ್ತಾಳೆ.

'ಇದು ಉಳಿತಾಯ ಅಲ್ಲವೇ, ಚಿನ್ನದ ಬೆಲೆ ಏರುತ್ತಲೇ ಇದೆಯಲ್ಲ?' ಎಂದು ಹೊಗಳುವ ಪಕ್ಷದವರು ಕೇಳಬಹುದು. ಏರಿದೆ, ಒಪ್ಪೋಣ, 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಮಿಗೆ ಲಕ್ಷವನ್ನೇ ದಾಟಿತು. ಆದರೆ ಹನ್ನೆರಡು ಪಾಲು ವೇಸ್ಟೇಜು, ಮೂರು ಪಾಲು ಜಿಎಸ್‌ಟಿ ಕೊಟ್ಟು, ಮೆಟ್ಟಿಲು ಇಳಿಯುವ ಮುನ್ನವೇ ನೂರಕ್ಕೆ ಹದಿನೈದು ನೀಗಿಕೊಳ್ಳುವವರನ್ನು ಹೂಡಿಕೆದಾರರು ಎನ್ನಲು ನಾಲಿಗೆ ತಡವರಿಸುತ್ತದೆ. ಉಳಿತಾಯವೇ ಗುರಿಯಾಗಿದ್ದರೆ ಚಿನ್ನದ ನಾಣ್ಯ ಇತ್ತು, ಬಿಸ್ಕತ್ತು ಇತ್ತು. 2015ರಿಂದ ಸರ್ಕಾರವೇ ಕೊಟ್ಟ ಚಿನ್ನದ ಬಾಂಡುಗಳಿಗೆ ವರ್ಷಕ್ಕೆ ಕನಿಷ್ಠ ಎರಡೂವರೆ ಪರ್ಸೆಂಟ್ ಬಡ್ಡಿಯೂ ಇತ್ತು. ಬಾಂಡಿನ ಮಾತೆತ್ತಿದರೆ ಆಕೆಯ ಉತ್ತರ ಸಿದ್ಧ: 'ಅದನ್ನ ಕತ್ತಿಗೆ ಹಾಕ್ಕೊಂಡು ಮದ್ವೆಗೆ ಹೋಗಕ್ಕಾಗುತ್ತಾ?' ಸಮಸ್ತ ಅರ್ಥಶಾಸ್ತ್ರಿಗಳೂ ಸೇರಿ ಈ ಪ್ರಶ್ನೆಗೆ ಉತ್ತರ ಹುಡುಕಲಿ.

ಬೈಯುವ ಪಕ್ಷದವರು ಇಲ್ಲಿ ಚಪ್ಪಾಳೆ ತಟ್ಟಿ, 'ನೋಡಿ, ಬರೀ ಜಂಭ!' ಎನ್ನುತ್ತಾರೆ. ಅವಸರ ಬೇಡ. ತೋಟದವರ ಸಂಸಾರ ನಡೆಯುವುದು ನಾಳೆ ಬರುವ ಬೆಳೆಯ ಮೇಲೆ ಇವತ್ತು ಸಿಗುವ ಮುಂಗಡದಿಂದ. ಮಂಡಿ ಸಾಹುಕಾರನಿಗೂ ಅವನದೇ ಭಯ. ಯಾವ ಮನೆ ಕುಸಿಯುತ್ತಿದೆ ಎಂದು ಅವನು ಪಹಣಿಗಿಂತ ಮೊದಲು ಜನರ ಮಾತಿನಲ್ಲಿ ಓದುತ್ತಾನೆ. ಗಂಡು ನೋಡಲು ಹೋದವರೂ ಅಷ್ಟೇ, ಚೀಟಿ ನಡೆಸುವವರೂ ಅಷ್ಟೇ. ಕಂಪನಿಗಳು ವರ್ಷಕ್ಕೊಮ್ಮೆ ಆಸ್ತಿ-ಹೊಣೆ ಪಟ್ಟಿಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತವೆ. ಯಜಮಾನಿ ಅದನ್ನು ಕೊರಳಲ್ಲಿ ಹಾಕಿಕೊಂಡು ಛತ್ರದ ಮೊದಲ ಸಾಲಿನಲ್ಲಿ ಕೂರುತ್ತಾಳೆ. ಕೊಬ್ಬರಿಗೆ ಬೆಲೆ ಇದ್ದ ವರ್ಷ ಹಳೇ ಸರವೇ ಸಾಕು, ಯಾರೂ ಅನುಮಾನ ಪಡುವುದಿಲ್ಲ. ಬೆಲೆ ಬಿದ್ದ ವರ್ಷ ಎಲ್ಲರ ಕಣ್ಣೂ ಎಲ್ಲರ ಕೊರಳ ಮೇಲಿರುತ್ತದೆ. ಜಂಭ ಇದೆಯೇ ಎಂದರೆ ಇದೆ. ಸಾಲ ಹುಟ್ಟಿಸುವ ಜಂಭ.

'ಆಪತ್ತಿಗೆ ಆಗುತ್ತೆ' ಎಂಬ ಆಕೆಯ ಸ್ವಂತ ಸಮರ್ಥನೆಯೂ ಉಂಟು. ಇದನ್ನು ತಳ್ಳಿಹಾಕುವಂತಿಲ್ಲ, ದೇಶವೇ ಅವಳ ಸಾಕ್ಷಿ. ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡಕೂಡದೆಂದು 1963ರಲ್ಲಿ ನಿಯಮ ತಂದು, 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ಮಾಡಿ, ಚಿನ್ನದ ಹುಚ್ಚು ಬಿಡಿಸಲು ಹೆಣಗಿದ ಸರ್ಕಾರ 1990ರಲ್ಲಿ ಆ ಕಾಯಿದೆಯನ್ನೇ ಕೈಬಿಟ್ಟಿತು. ಮರುವರ್ಷ ವಿದೇಶಿ ವಿನಿಮಯ ಬರಿದಾದಾಗ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟಿತು. ಬುದ್ಧಿ ಹೇಳುವವರೇ ಗಿರವಿ ಅಂಗಡಿಗೆ ಹೋದ ಮೇಲೆ ಯಜಮಾನಿಯನ್ನು ಯಾವ ಬಾಯಲ್ಲಿ ಬೈಯುವುದು? ಒಂದು ವ್ಯತ್ಯಾಸವಿದೆ: ಸರ್ಕಾರ ಅಡವಿಟ್ಟದ್ದು ಪತ್ರಿಕೆಯಲ್ಲಿ ಬಂತು. ಯಜಮಾನಿಯ ಸರ ಬ್ಯಾಂಕಿನ ಲಾಕರಿಗೆ ಸೇರಿದ್ದು ಓರಗಿತ್ತಿಗೂ ತಿಳಿಯದು; ಆ ಅವಧಿಯಲ್ಲಿ ಅದೇ ಡಿಸೈನಿನ 'ಒಂದು ಗ್ರಾಂ ಗೋಲ್ಡ್' ಸರ ಮದುವೆಮನೆಗಳ ಡ್ಯೂಟಿ ಮಾಡುತ್ತದೆ. ಅಸಲಿ ದುಡ್ಡು ತರಲಿ, ನಕಲಿ ಮಾನ ಕಾಯಲಿ. ಒಡವೆಯ ಕೆಲಸ ಲೋಹದ್ದೋ ನೋಟದ್ದೋ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಆಕೆಗೆ ಡಿಸೈನು ಬರುವುದೂ ದೂರದಿಂದಲ್ಲ. ಮೊಬೈಲಿನಲ್ಲಿ ಬೇಲೂರಿನ ಮದನಿಕೆಯ ಫೋಟೋ ಹಿಗ್ಗಿಸಿ, 'ಈ ಥರ ಡಾಬು ಬರುತ್ತಾ?' ಎಂದು ಕೇಳುತ್ತಾಳೆ. 1117ರ ಚೆನ್ನಕೇಶವ ಗುಡಿಯ ಶಿಲ್ಪಿ, ವೇಸ್ಟೇಜಿನ ಚಿಂತೆ ಇಲ್ಲದೆ ಆ ಹೆಂಗಸರಿಗೆ ಕೊರಳು, ತೋಳು, ಸೊಂಟ, ಕಾಲು ಒಂದನ್ನೂ ಬಿಡದೆ ತೊಡಿಸಿದ್ದಾನೆ. ಹಳೇಬೀಡಿನಲ್ಲಂತೂ ನಂದಿಗೂ ಮೈತುಂಬ ಒಡವೆ. 1311ರಲ್ಲಿ ಮಲ್ಲಿಕಾಫರನ ದಂಡು ಬಂದಾಗ ಮೂರನೇ ವೀರಬಲ್ಲಾಳ ಭಂಡಾರವನ್ನು ಒಪ್ಪಿಸಬೇಕಾಯಿತು. ಆ ಚಿನ್ನದ ಪತ್ತೆಯಿಲ್ಲ. ಯಾರೂ ಅಡವಿಟ್ಟುಕೊಳ್ಳದ ಕಲ್ಲಿನ ಒಡವೆ ಮಾತ್ರ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿ, ಹೊಯ್ಸಳರು ಸಿರಿವಂತರಾಗಿದ್ದರೆಂದು ಇವತ್ತಿಗೂ ಊರಿಗೆಲ್ಲ ಸಾರುತ್ತಿದೆ.

ಉಳಿದಿರುವ ಆಕ್ಷೇಪ ಒಂದೇ: 2025ರಲ್ಲಿ ಕೊಬ್ಬರಿ ಇಪ್ಪತ್ತು ಸಾವಿರ ದಾಟಿದಾಗ ಯಜಮಾನಿ ಅಂಗಡಿಗೆ ಹೋಗಲೇ ಇಲ್ಲವೇ? ಹೋಗದೆ ಉಂಟೇ! ಬೆಲೆ ಬಿದ್ದಾಗ 'ಇರೋದೂ ಖರ್ಚಾಗಿ ಹೋಗುತ್ತೆ, ತಗೊಂಡ್ಬಿಡಾಣ'. ಬೆಲೆ ಎದ್ದಾಗ 'ಕೈಗೆ ಬಂದಾಗ್ಲೇ ತಗೋಬೇಕು'. ನನ್ನ ವಾದಕ್ಕೆ ಇದರಿಂದ ಪೆಟ್ಟೇನೂ ಇಲ್ಲ, ಯಾಕೆಂದರೆ ಎರಡು ಸಲದ ಖರೀದಿಯಲ್ಲಿ ಒಂದು ವ್ಯತ್ಯಾಸವಿದೆ. ಬೆಲೆ ಎದ್ದ ವರ್ಷ ಸರವನ್ನು ಕರ್ಚೀಫಿನಲ್ಲಿ ಸುತ್ತಿ ಕುಪ್ಪಸಕ್ಕೆ ಸೇರಿಸಿ ಬಸ್ ಹತ್ತುತ್ತಾಳೆ. ಬೆಲೆ ಬಿದ್ದ ವರ್ಷ ಬರೀ ಮೂಗುಬೊಟ್ಟು ಕೊಂಡರೂ ಅಂಗಡಿಯ ಹೆಸರು ದಪ್ಪಕ್ಷರದಲ್ಲಿರುವ ದೊಡ್ಡ ಬ್ಯಾಗನ್ನೇ ಕೇಳಿ ಇಸಿದುಕೊಳ್ಳುತ್ತಾಳೆ, ಸಾಲದ್ದಕ್ಕೆ ಊರಿಗೆ ಒಂದು ಸ್ಟಾಪ್ ಮುಂಚೆಯೇ ಇಳಿಯುತ್ತಾಳೆ.